ಹಕ್ಕಿಗೆ ಸಲ್ಲುವ ದಾನ

ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ ಎಂದು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವುದನ್ನು ಶ್ರಾವಕರೆಲ್ಲರೂ ಬಲ್ಲರು. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಅರಿಯದವನಿಗೆ ಅರಿವು, ಅಂಜಿದವನಿಗೆ ಅಭಯ. ಮನುಷ್ಯರ ನಡುವೆ ಈ ವಿಂಗಡಣೆಯಲ್ಲಿ ಹೆಚ್ಚಿನ ಗೊಂದಲವಿಲ್ಲ. ಬೇಡುವವನು ತನ್ನ ಅಗತ್ಯವನ್ನು ಬಾಯಿಬಿಟ್ಟು ಹೇಳುತ್ತಾನೆ. ಕೊಡುವವನು ಅದನ್ನು ಕೇಳಿ ಯಥಾಶಕ್ತಿ ಕೊಡುತ್ತಾನೆ. ಆದರೆ ಮಾತಿಲ್ಲದ ಜೀವಿಯ ವಿಷಯದಲ್ಲಿ ಯಾವುದು ಅದಕ್ಕೆ ನಿಜವಾಗಿ ಬೇಕಾದ ದಾನ, ಯಾವುದು ಕೊಡುವವನ ಮನಸ್ಸಮಾಧಾನಕ್ಕಷ್ಟೇ ಆಗುವ ದಾನ ಎಂಬುದನ್ನು ತಿಳಿಯುವುದು ಹೇಗೆ? ಜೀವದಯೆಯ ಹೆಸರಿನಲ್ಲಿ ಪ್ರತಿವರ್ಷ ಹಣ ವಿನಿಯೋಗಿಸುವ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಪ್ರಶ್ನೆಯನ್ನು ವಿಚಾರಿಸಲು ಕಲಬುರಗಿಯ ಒಬ್ಬ ಹಿರಿಯ ಶ್ರಾವಕರ ನಿದರ್ಶನವನ್ನು ತೆಗೆದುಕೊಳ್ಳೋಣ. ಅವರು ತೊಗರಿಯ ವ್ಯಾಪಾರದಲ್ಲಿ ಆಯುಷ್ಯ ಕಳೆದ ಗೃಹಸ್ಥರು. ಅವರ ಧರ್ಮಪತ್ನಿ ಬದುಕಿದ್ದಷ್ಟು ಕಾಲವೂ ದಿನಾಲು ಬೆಳಿಗ್ಗೆ ಬಸದಿಯ ಅಂಗಳದಲ್ಲಿ ಪಾರಿವಾಳಗಳಿಗೆ ಒಂದು ಬೊಗಸೆ ಜೋಳ ಚೆಲ್ಲುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಹಿರಿಯರು ಆ ಕಾರ್ಯ ನಿಲ್ಲದಿರಲೆಂದು ಟ್ರಸ್ಟಿನಲ್ಲಿ ಒಂದು ಮೊತ್ತವನ್ನು ಠೇವಣಿ ಇರಿಸಿ, ಅದರ ಬಡ್ಡಿಯಿಂದ ಜೋಳ ಕೊಳ್ಳುವ ವ್ಯವಸ್ಥೆ ಮಾಡಿದರು. ಅಂಗಳದ ಗೋಡೆಯಲ್ಲಿ ಆಕೆಯ ಹೆಸರಿನ ಸಣ್ಣದೊಂದು ಶಿಲಾಫಲಕವನ್ನೂ ಕೂಡಿಸಲಾಯಿತು. ಕಾಲಕ್ರಮದಲ್ಲಿ ಬೊಗಸೆಯಾಗಿದ್ದದ್ದು ಚೀಲವಾಯಿತು. ಹತ್ತಾರು ಪಾರಿವಾಳಗಳಿದ್ದಲ್ಲಿ ನೂರಾರು ಕೂಡಿದವು. ಹಿಕ್ಕೆಯಿಂದ ಶಿಖರ, ಮಾನಸ್ತಂಭಗಳು ಮಲಿನವಾದವು. ಪಕ್ಕದ ಮನೆಯಲ್ಲಿ ದಮ್ಮಿನಿಂದ ನರಳುವ ವೃದ್ಧರೊಬ್ಬರು ಮೇಲಿಂದ ಮೇಲೆ ದೂರಿದರು. ಕಾಳು ನಿಲ್ಲಿಸಬೇಕೆ, ಮುಂದುವರಿಸಬೇಕೆ ಎಂದು ಟ್ರಸ್ಟಿನವರು ಹಿರಿಯರನ್ನೇ ಕೇಳಿದರು. ನಿಲ್ಲಿಸಿದರೆ ಪತ್ನಿಯ ಸಂಕಲ್ಪಕ್ಕೆ ಭಂಗ; ಮುಂದುವರಿಸಿದರೆ ನೆರೆಯವರಿಗೆ ಪೀಡೆ. ಉತ್ತರ ಕೊಡಲು ಅವರು ಒಂದು ವಾರದ ಅವಕಾಶ ಬೇಡಿದರು.

ಆ ವಾರದ ನಡುವೆ, ಜನವರಿಯ ಒಂದು ರವಿವಾರ ಬೆಳಗಿನ ಜಾವ, ಅವರು ಮೊಮ್ಮಗನನ್ನು ಕರೆದುಕೊಂಡು ಶರಣಬಸವೇಶ್ವರರ ದೇವಸ್ಥಾನದ ಬಳಿಯ ಕೆರೆಗೆ ಹೋದರು. ಊರಿನವರು ಅದನ್ನು ಅಪ್ಪನ ಕೆರೆ ಎಂದೇ ಕರೆಯುತ್ತಾರೆ. ಕೆರೆಯ ಹಕ್ಕಿಗಳನ್ನು ನೋಡಿ ಬರೆದುಕೊಂಡು ಬರಬೇಕೆಂದು ಹುಡುಗನಿಗೆ ಶಾಲೆಯಲ್ಲಿ ಹೇಳಿದ್ದರು. ಬರಿಗೈಯಲ್ಲಿ ಹೋಗಬಾರದೆಂದು ಹುಡುಗ ಮನೆಯಿಂದ ಒಂದು ಪೊಟ್ಟಣ ಜೋಳವನ್ನೂ ಹಿಡಿದುಕೊಂಡಿದ್ದ. ಬಿಸಿಲಿಗೆ ಹೆಸರಾದ ಕಲಬುರಗಿಯಲ್ಲಿಯೂ ಆ ಹೊತ್ತಿಗೆ ಶಾಲು ಹೊದೆಯುವಷ್ಟು ಚಳಿ. ನಸುಬೆಳಕಿನಲ್ಲಿ ಹಣೆಯ ಮೇಲೆ ಬಿಳಿಯ ನಾಮವಿಟ್ಟ ಕಪ್ಪು ನಾಮದಕೋಳಿಗಳು ನೀರಿನ ನಡುವೆ ತೇಲುತ್ತಿದ್ದವು. ಗುಳುಮುಳುಕವು ಒಂದು ಕಡೆ ಮುಳುಗಿ ಮತ್ತೊಂದು ಕಡೆ ಏಳುತ್ತಿತ್ತು. ನೀರುಕಾಗೆಯೊಂದು ರೆಕ್ಕೆಗಳನ್ನು ಹರಡಿ ಬಿಸಿಲಿಗಾಗಿ ಕಾದು ಕುಳಿತಿತ್ತು. ದಂಡೆಯ ಕೆಸರಿನಲ್ಲಿ ಕೊಳದ ಬಕ ನಿಶ್ಚಲವಾಗಿ ನಿಂತಿತ್ತು.

ಹುಡುಗ ದಂಡೆಗೆ ಧಾವಿಸಿ ಕಾಳು ಚೆಲ್ಲಿದ. ನಾಮದಕೋಳಿಗಳು ಕೆರೆಯ ನಡುಭಾಗಕ್ಕೆ ಸರಿದವು. ಬಕ ಹಾರಿಹೋಯಿತು. ಗುಳುಮುಳುಕ ಮುಳುಗಿದ್ದು ಮತ್ತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲಿಂದಲೋ ಎಂಟು ಹತ್ತು ಪಾರಿವಾಳಗಳು ಬಂದಿಳಿದು ದಂಡೆಯ ಕಾಳು ಆಯತೊಡಗಿದವು.

“ಮುತ್ಯಾ, ನಾವು ಜ್ವಾಳ ತಂದೀವಲ್ಲ, ಅವು ಯಾಕ ದೂರ ಹೊಂಟಾವ?” ಎಂದು ಹುಡುಗ ಕೇಳಿದ.

ಹಿರಿಯರಿಗೆ ಉತ್ತರ ತೋಚಲಿಲ್ಲ. ಅವರು ಒಂದು ವಾರದಿಂದ ತಲೆಯಲ್ಲಿ ಹೊತ್ತು ತಿರುಗುತ್ತಿದ್ದ ಪ್ರಶ್ನೆಯನ್ನೇ ಮಗು ಬೇರೊಂದು ರೀತಿಯಲ್ಲಿ ಕೇಳಿತ್ತು.

ಆಹಾರ

ನೀರುಹಕ್ಕಿಗಳ ಆಹಾರ ನೀರಿನಲ್ಲಿಯೇ ಇದೆ. ಜಲಸಸ್ಯ, ಕೀಟ, ಮೀನು, ಕಪ್ಪೆ ಇವುಗಳಲ್ಲಿ ಯಾವುದು ಯಾರ ಪಾಲಿನದು ಎಂಬುದನ್ನು ಅವುಗಳ ಕೊಕ್ಕಿನ ಆಕಾರವೇ ಹೇಳುತ್ತದೆ. ಜೋಳವನ್ನೋ ರೊಟ್ಟಿಯ ಚೂರನ್ನೋ ನೀರಿಗೆ ಚೆಲ್ಲಿದರೆ ಹೆಚ್ಚಿನ ಭಾಗ ತಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯುವನ್ನು ಹೀರುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ನೀರಿನಲ್ಲಿ ಉಸಿರಾಡುವ ಜೀವಿಗಳ ಮೇಲೆ. ಕೊಟ್ಟವನ ಲೆಕ್ಕದಲ್ಲಿ ಇದು ದಾನವೆಂದು ಜಮೆಯಾದರೂ ಕೆರೆಯ ಲೆಕ್ಕದಲ್ಲಿ ಖರ್ಚಿನ ಬಾಬತ್ತು.

ದಂಡೆಯ ಕಾಳು ಪಾರಿವಾಳಕ್ಕೆ ದೊರೆಯಿತಲ್ಲ, ಅದೂ ಜೀವವೇ ಅಲ್ಲವೇ ಎಂದು ಕೇಳಬಹುದು. ನಿಶ್ಚಯವಾಗಿ ಜೀವವೇ. ಆದರೆ ಇಂದು ಯಾರ ಹಸಿವು ನಮ್ಮನ್ನು ಕರೆಯುತ್ತಿದೆ ಎಂಬುದನ್ನೂ ನೋಡಬೇಕು. ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಪ್ರವೃತ್ತಿಯನ್ನು ಅಳೆಯಲು ಸಾಕಷ್ಟು ಆಧಾರವಿದ್ದ 338 ಪ್ರಭೇದಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ಸಂಖ್ಯೆ ಹೆಚ್ಚಿಸಿಕೊಂಡ ಕೆಲವೇ ಹಕ್ಕಿಗಳಲ್ಲಿ ಪಾರಿವಾಳವೂ ಒಂದು. ಅಂದರೆ ಕಾಳಿನ ನೆರವಿಲ್ಲದೆಯೂ ನಗರದಲ್ಲಿ ಬಾಳಬಲ್ಲ ಹಕ್ಕಿಯನ್ನು ಜನರು ಸಾಕುತ್ತಿದ್ದಾರೆ; ಕಾಳನ್ನು ಮುಟ್ಟದ, ಜಾಗವನ್ನಷ್ಟೇ ಬೇಡುವ ಹಕ್ಕಿಗಳು ಅವರ ಕಣ್ಣಿನ ಹೊರಗೆ ಕಡಮೆಯಾಗುತ್ತಿವೆ.

2025ರಲ್ಲಿ ಮುಂಬಯಿಯ ದಾದರಿನ ಕಬೂತರಖಾನೆಯನ್ನು ಮುಚ್ಚಿದಾಗ ಸಮಾಜದ ಅನೇಕರು ನೊಂದುಕೊಂಡರು. ಪಾರಿವಾಳದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಹಾನಿಯಾಗುತ್ತದೆಂಬ ವೈದ್ಯರ ಮಾತು ಒಂದು ಕಡೆ, ತಲೆಮಾರುಗಳಿಂದ ಬಂದ ಜೀವದಯೆಯ ಆಚರಣೆ ಇನ್ನೊಂದು ಕಡೆ. ವಿಷಯವು ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕಾಯಿದೆಯ ತೀರ್ಮಾನ ಏನೇ ಇರಲಿ, ಧರ್ಮದ ವಿಚಾರ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಜೀವದ ಹಸಿವನ್ನು ತಣಿಸುವ ಕಾರ್ಯ ಇನ್ನೊಂದು ಜೀವದ ಉಸಿರನ್ನು ಕಟ್ಟುವುದಾದರೆ ಅದರ ವಿಧಾನವನ್ನು ಮರಳಿ ಯೋಚಿಸಬೇಕಾದುದು ಅಹಿಂಸೆಯನ್ನು ನಂಬಿದವರದೇ ಹೊಣೆ.

ಔಷಧ

ದಿಲ್ಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿ ಆಸ್ಪತ್ರೆ ದೇಶದಲ್ಲೆಲ್ಲ ಹೆಸರಾದದ್ದು. ರೆಕ್ಕೆ ಮುರಿದ, ಗಾಳಿಪಟದ ದಾರದಿಂದ ಗಾಯಗೊಂಡ ಹಕ್ಕಿಗಳಿಗೆ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಮಾಂಸಾಹಾರಿ ಹಕ್ಕಿಗಳನ್ನು ಒಳಗೆ ಇರಿಸಿಕೊಳ್ಳದೆ, ಮದ್ದು ಮಾಡಿ ಕಳುಹಿಸುವ ಕ್ರಮ ಅಲ್ಲಿಯದು. ಈ ಕ್ರಮದ ಹಿಂದೆ ಒಂದು ಕಠಿಣವಾದ ಪ್ರಶ್ನೆಯಿದೆ. ಗಿಡುಗವೂ ಜೀವ, ಅದರ ಬಾಯಿಗೆ ಬೀಳುವುದೂ ಜೀವ. ದಯೆ ಯಾರ ಪಕ್ಷ ವಹಿಸಬೇಕು?

ಕೆರೆಯ ದಂಡೆಯಲ್ಲಿ ಈ ಪ್ರಶ್ನೆ ಪ್ರತಿ ಗಳಿಗೆಗೂ ಎದುರಾಗುತ್ತದೆ. ಮಿಂಚುಳ್ಳಿ ಮೀನನ್ನು ಹಿಡಿಯುತ್ತದೆ. ಬಕ ಕಪ್ಪೆಯನ್ನು ನುಂಗುತ್ತದೆ. ಕಲ್ಲು ಬೀರಿ ಮಿಂಚುಳ್ಳಿಯನ್ನು ಓಡಿಸಿದವನು ಮೀನನ್ನು ಉಳಿಸಿದನೆಂದು ಹೇಳಬಹುದಾದರೂ ಮಿಂಚುಳ್ಳಿಯ ಮರಿಯನ್ನು ಉಪವಾಸ ಕೆಡವಿದ ಪಾಪ ಅವನಿಗೆ ತಪ್ಪದು. ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುವಾಗ ಕೊನೆಯದನ್ನು ಉಪದೇಶಕ್ಕೆ ಒಗ್ಗದವರ ವಿಷಯದಲ್ಲಿ ವಿಧಿಸುತ್ತದೆ. ಬೇಟೆಯಾಡಿ ಬದುಕುವ ಹಕ್ಕಿಗೆ ಉಪದೇಶ ಮಾಡಲು ಸಾಧ್ಯವಿಲ್ಲ. ಅಲ್ಲಿ ರಾಗದ್ವೇಷವಿಲ್ಲದೆ ನೋಡುವುದನ್ನು ಕಲಿಯುವುದೇ ಸಾಧನೆ. ಮನುಷ್ಯನಿಂದ ಆದ ಗಾಯಕ್ಕೆ ಮನುಷ್ಯ ಮದ್ದು ಹಾಕಬೇಕು. ಆ ಋಣ ಅವನದು. ನಿಸರ್ಗದ ವ್ಯವಹಾರದಲ್ಲಿ ನ್ಯಾಯಾಧೀಶನಾಗಲು ಅವನಿಗೆ ಅಧಿಕಾರವಿಲ್ಲ.

ಅರಿವು

ಮೂರನೆಯದಾದ ಶಾಸ್ತ್ರದಾನವನ್ನು ಹಕ್ಕಿಗೆ ಕೊಡುವಂತಿಲ್ಲ. ಅದರ ಬಗೆಗೆ ತಾನು ಪಡೆಯಬಹುದು, ಪಡೆದದ್ದನ್ನು ಇತರರಿಗೆ ಹಂಚಬಹುದು. ಈ ಅರಿವಿನ ಹಾದಿಯೂ ಮೊದಲಿನಿಂದ ನಿರ್ದೋಷವಾಗಿರಲಿಲ್ಲ. ಕಲಬುರಗಿ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931–32ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಆ ಕಾಲದ ಪಕ್ಷಿಶಾಸ್ತ್ರದಲ್ಲಿ ಹಕ್ಕಿಯನ್ನು ಖಚಿತವಾಗಿ ಗುರುತಿಸುವುದೆಂದರೆ ಅದನ್ನು ಬಂದೂಕಿನಿಂದ ಹೊಡೆದು ಚರ್ಮವನ್ನು ಸಂಗ್ರಹಾಲಯಕ್ಕೆ ಸೇರಿಸುವುದೆಂದೇ ಇತ್ತು. ಇಂದು ಅದೇ ಕೆಲಸವನ್ನು ದುರ್ಬೀನು ಮತ್ತು ಟಿಪ್ಪಣಿ ಪುಸ್ತಕದಿಂದ ಸಾಮಾನ್ಯ ಜನರು ಮಾಡುತ್ತಿದ್ದಾರೆ. 1987ರಿಂದ ಏಷ್ಯದಲ್ಲಿ ಪ್ರತಿವರ್ಷ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. 2023ರ ವರದಿಯು ನಿಂತಿರುವುದೂ ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ. ಅಧ್ಯಾಪಕರು, ವ್ಯಾಪಾರಿಗಳು, ಗೃಹಿಣಿಯರು, ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕೆರೆಯ ದಂಡೆಯಲ್ಲಿ ಬರೆದ ಕೀರ್ದಿಯಿಂದ ದೇಶದ ಖಾತೆ ಸಿದ್ಧವಾಯಿತು.

ಎಣಿಕೆಯ ವಿದ್ಯೆಗೆ ಈ ನೆಲದಲ್ಲಿ ಹಳೆಯ ಗೌರವವುಂಟು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಆ ಅರಸನ ರಾಜಧಾನಿ ಮಾನ್ಯಖೇಟ ಇದೇ ಜಿಲ್ಲೆಯ ಮಳಖೇಡ. ದಿನವೂ ಶಿಲ್ಕು ನೋಡದ ಅಂಗಡಿ ಹೇಗೆ ಬಾಳದೋ ಹಾಗೆಯೇ ಎಷ್ಟು ಉಳಿದಿದೆ ಎಂಬುದನ್ನು ನೋಡದ ದಯೆಯೂ ಕುರುಡಾಗುತ್ತದೆ.

ಅಭಯ

ಆ ರವಿವಾರ ಹಿರಿಯರು ವ್ಯಾಪಾರಿಯ ಅಭ್ಯಾಸದಂತೆ ಒಂದು ಲೆಕ್ಕ ಮಾಡಿದರು. ಅವರು ಹೆಜ್ಜೆ ಎಣಿಸಿದರು. ದಂಡೆಯಲ್ಲಿ ನಡೆಯುತ್ತ ಯಾವ ಹಕ್ಕಿ ಎಷ್ಟು ದೂರದಲ್ಲಿ ಅಂಜುತ್ತದೆ ಎಂಬುದನ್ನು ಹುಡುಗನ ಪುಸ್ತಕದಲ್ಲಿ ಬರೆಯಿಸಿದರು. ನಾಮದಕೋಳಿ ಮೂವತ್ತು ಹೆಜ್ಜೆಗೆ ಸರಿಯಿತು. ಕೊಳದ ಬಕ ಇಪ್ಪತ್ತಕ್ಕೆ ಹಾರಿತು. ಪಾರಿವಾಳ ಎರಡು ಹೆಜ್ಜೆಗೂ ಕದಲಲಿಲ್ಲ. ಬಳಿಕ ಇಬ್ಬರೂ ಒಂದು ಬೇವಿನ ಬುಡದಲ್ಲಿ ಮಾತಿಲ್ಲದೆ ಕುಳಿತರು. ಅರ್ಧ ಗಂಟೆ ಕಳೆಯಿತು. ಗುಳುಮುಳುಕವು ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಮೇಲೆದ್ದು ಮೈ ಕೊಡವಿಕೊಂಡಿತು. ಬಕವೂ ತನ್ನ ಮೊದಲಿನ ಸ್ಥಳಕ್ಕೆ ಹಿಂದಿರುಗಿತು. ಕಾಳು ಚೆಲ್ಲಿದಾಗ ದೂರ ಹೋದ ಜೀವಿಗಳು ಏನನ್ನೂ ಮಾಡದೆ ಕುಳಿತಾಗ ಹತ್ತಿರ ಬಂದವು. ಕೈಯಲ್ಲಿ ಪೊಟ್ಟಣ ಉಳಿದಿದ್ದರೂ ಹುಡುಗ ಅದನ್ನು ಬಿಚ್ಚಲಿಲ್ಲ.

ಹಕ್ಕಿ ಬೇಡುವುದು ಅಂಜಿಕೆಯಿಲ್ಲದ ಒಂದು ತಾವನ್ನು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ಬಾತುಗಳಿಗೆ ಈ ಅಗತ್ಯ ಇನ್ನೂ ತೀವ್ರವಾದದ್ದು. ಮರಳಿ ಹೋಗುವ ಹಾರಾಟಕ್ಕಾಗಿ ಅವು ಇಲ್ಲಿ ಮೇದು ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತವೆ. ಭಾವಚಿತ್ರಕ್ಕಾಗಿ ಅಟ್ಟಿಸಿಕೊಂಡು ಹೋದಾಗಲೂ, ಮೋಜಿಗಾಗಿ ಚಪ್ಪಾಳೆ ತಟ್ಟಿ ಎಬ್ಬಿಸಿದಾಗಲೂ ಆ ಬಂಡವಾಳ ವ್ಯರ್ಥವಾಗಿ ಕರಗುತ್ತದೆ. ನೋಡುವ ಹವ್ಯಾಸವೂ ಸಂಯಮವಿಲ್ಲದಿದ್ದರೆ ಹಿಂಸೆಯಾಗಬಲ್ಲದು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂದು ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯ ಹುರುಳೂ ಇದೇ: ತನ್ನ ನಡೆ ಇನ್ನೊಂದು ಜೀವಕ್ಕೆ ಭಯವಾಗದಿರಲಿ ಎಂಬ ಎಚ್ಚರ.

ಪಂಜರದ ಹಕ್ಕಿಯನ್ನು ಕೊಂಡು ಬಿಡುವುದೇ ಅಭಯದಾನವೆಂದು ಕೆಲವರು ತಿಳಿಯುತ್ತಾರೆ. ಪರ್ವದಿನಗಳಲ್ಲಿ ಗಿಳಿ, ರಾಟವಾಳಗಳನ್ನು ಕೊಂಡು ಹಾರಿಬಿಡುವ ರೂಢಿ ದೇಶದ ಹಲವೆಡೆ ಇದೆ. ಭಾವನೆ ಶುದ್ಧವಾದದ್ದು, ಆದರೆ ಮಾರುಕಟ್ಟೆಯ ನಿಯಮವನ್ನು ವ್ಯಾಪಾರಿ ಸಮಾಜಕ್ಕೆ ಯಾರೂ ಕಲಿಸಬೇಕಾಗಿಲ್ಲ. ಹಬ್ಬಕ್ಕೆ ಗಿರಾಕಿ ಇದ್ದಾನೆಂದು ತಿಳಿದ ಬೇಟೆಗಾರ ಹಬ್ಬಕ್ಕೆ ಮೊದಲೇ ಬಲೆ ಬೀಸುತ್ತಾನೆ. ಬಲೆಯಲ್ಲಿ, ಬುಟ್ಟಿಯಲ್ಲಿ, ಸಾಗಣೆಯಲ್ಲಿ ಸತ್ತವುಗಳ ಲೆಕ್ಕ ಕೊಂಡವರಿಗೆ ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳ ಪ್ರಕಾರ ಇಂಥ ಕಾಡುಹಕ್ಕಿಗಳ ಮಾರಾಟ ಅಪರಾಧವೂ ಹೌದು. ಬಿಡುಗಡೆಗಾಗಿ ಕೊಟ್ಟ ಹಣ ಮುಂದಿನ ಸೆರೆಗೆ ಕೊಟ್ಟ ಮುಂಗಡವಾಗುತ್ತದೆ.

ಹಾಗಾದರೆ ನಿಜವಾದ ಅಭಯದಾನದ ಮಾದರಿ ಎಲ್ಲಿದೆ? ಅದಕ್ಕೆ ದೂರ ಹೋಗಬೇಕಾಗಿಲ್ಲ. ಯಾರ ಹೆಸರಿನ ದೇವಸ್ಥಾನದ ಬಳಿ ಆ ಕೆರೆ ಇದೆಯೋ ಆ ಶರಣಬಸವೇಶ್ವರರು (1746–1822) ಅರಳಗುಂಡಗಿಯವರು, ಒಕ್ಕಲುತನದವರು. ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು, ಅವು ತಿನ್ನಲಿ ಎಂದು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರೆಂಬ ಕಥೆಯನ್ನು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಆದರೂ ಸುಗ್ಗಿಯಲ್ಲಿ ರಾಶಿ ಕಡಮೆಯಾಗಲಿಲ್ಲವೆಂಬುದು ಕಥೆಯ ಕೊನೆ. ಆ ಪವಾಡವನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಸೇರಿದ್ದು. ಗಮನಿಸಬೇಕಾದುದು ಅವರು ಕೊಟ್ಟ ರೀತಿಯನ್ನು. ಅವರು ಹಕ್ಕಿಯನ್ನು ತಮ್ಮ ಅಂಗಳಕ್ಕೆ ಕರೆಯಲಿಲ್ಲ. ಹಕ್ಕಿ ಇದ್ದಲ್ಲಿಯೇ ತಮ್ಮ ಹಕ್ಕನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡರು. ಪರಿಗ್ರಹವನ್ನು ಪರಿಮಿತಗೊಳಿಸುವ ಅಣುವ್ರತವನ್ನು ಬಲ್ಲವರಿಗೆ ಈ ಒಕ್ಕಲಿಗನ ನಡೆಯನ್ನು ವಿವರಿಸಬೇಕಾಗಿಲ್ಲ.

ಇದು ಕಥೆಯಲ್ಲಿ ಮಾತ್ರ ಸಾಧ್ಯವೆಂದೂ ತಿಳಿಯಬಾರದು. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಅವು ಮೇಯುವುದು ಕೆರೆಯ ಸುತ್ತಲಿನ ರೈತರ ಹೊಲಗಳಲ್ಲಿ. ಆ ಊರಿನವರು ಅವುಗಳಿಗೆ ಕಾಳು ಚೆಲ್ಲಿ ಬರಮಾಡಿಕೊಂಡದ್ದಲ್ಲ. ಬಂದವುಗಳನ್ನು ಕಾಡದೆ ಇದ್ದರು, ಅಷ್ಟೆ. 2024ರ ಜನವರಿಯಲ್ಲಿ ಆ ಕೆರೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಸಂಗಮದಲ್ಲಿ

ಅದೇ ದಿನ ಮಧ್ಯಾಹ್ನ ತೊಗರಿಯ ವ್ಯವಹಾರಕ್ಕಾಗಿ ಹಿರಿಯರು ಗಾಣಗಾಪುರಕ್ಕೆ ಹೋಗಬೇಕಾಗಿತ್ತು. ಮೊಮ್ಮಗನೂ ಜೊತೆಗಿದ್ದ. ದತ್ತಾತ್ರೇಯನ ಆ ಕ್ಷೇತ್ರದಲ್ಲಿ ಮಧ್ಯಾಹ್ನದ ಹೊತ್ತು ಭಕ್ತರು ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡುವ ಪದ್ಧತಿಯಿದೆ. ಅದಕ್ಕೆ ಮಧುಕರಿ ಎಂದು ಹೆಸರು. ಹೂವಿಗೆ ನೋವಾಗದಂತೆ ಜೇನು ಅಲ್ಲಿಷ್ಟು ಇಲ್ಲಿಷ್ಟು ತೆಗೆದುಕೊಳ್ಳುವ ರೀತಿ. ಜೈನ ಮುನಿಗಳ ಆಹಾರಕ್ರಮಕ್ಕೂ ಭ್ರಾಮರೀವೃತ್ತಿ ಎಂಬ ಹೆಸರುಂಟು. ಎರಡು ಸಂಪ್ರದಾಯಗಳು ಒಂದೇ ಕೀಟದಿಂದ ಒಂದೇ ಪಾಠ ಕಲಿತಿವೆ.

ಕೆಲಸ ಮುಗಿದ ಮೇಲೆ ಇಬ್ಬರೂ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮಕ್ಕೆ ಹೋದರು. ಸ್ನಾನಘಟ್ಟದಿಂದ ಬಹು ದೂರದಲ್ಲಿ, ನೀರಿನ ಅಂಚಿನ ಮರಳಿನ ಮೇಲೆ, ಕಿತ್ತಳೆಯ ಕಂದುಬಣ್ಣದ ಎರಡು ದೊಡ್ಡ ಬಾತುಗಳು ಕುಳಿತಿದ್ದವು. ಹಳಗನ್ನಡದ ಕವಿಗಳು ಜಕ್ಕವಕ್ಕಿ ಎಂದು ಕರೆದ ಚಕ್ರವಾಕಗಳು ಅವು. ಚಳಿಗಾಲದಲ್ಲಿ ಉತ್ತರದಿಂದ ಬರುವಂಥವು. ದಿಗಂಬರ ಪರಂಪರೆಯಲ್ಲಿ ಐದನೆಯ ತೀರ್ಥಂಕರ ಸುಮತಿನಾಥರ ಲಾಂಛನ ಚಕ್ರವಾಕ. ಹಿರಿಯರು ಎಷ್ಟೋ ವರ್ಷಗಳಿಂದ ಪೀಠದ ಮೇಲೆ ಕಲ್ಲಿನಲ್ಲಿ ಕಂಡು ಕೈಮುಗಿದ ಹಕ್ಕಿಯನ್ನು ಜೀವಂತವಾಗಿ ನೋಡಿದ್ದು ಅಂದೇ ಮೊದಲು. ಹತ್ತಿರ ಹೋಗೋಣವೇ ಎಂದು ಅವರೇ ಕೇಳಿದರು. ಹುಡುಗ ತಲೆಯಲ್ಲಾಡಿಸಿ, “ಬ್ಯಾಡ ಮುತ್ಯಾ, ಇಲ್ಲಿಂದಾನ ಛಲೋ ಕಾಣ್ತಾವ” ಎಂದ.

ವಾರದ ಕೊನೆಗೆ ಹಿರಿಯರು ಟ್ರಸ್ಟಿಗೆ ಬರೆದು ಕೊಟ್ಟರು. ಪಾರಿವಾಳಗಳಿಗೆ ಕಾಳನ್ನು ಒಮ್ಮೆಲೇ ನಿಲ್ಲಿಸಿದರೆ ಅದಕ್ಕೆ ಒಗ್ಗಿಹೋದ ಜೀವಗಳಿಗೆ ಪೀಡೆಯಾದೀತು. ಆದ್ದರಿಂದ ಕೆಲವು ತಿಂಗಳ ಅವಧಿಯಲ್ಲಿ ಕ್ರಮಕ್ರಮವಾಗಿ ಕಡಮೆ ಮಾಡಬೇಕು. ಬೇಸಿಗೆಯಲ್ಲಿ ನೆರಳಿನಲ್ಲಿ ನೀರಿನ ಬಾನಿಗಳನ್ನಿಟ್ಟು ದಿನಾಲು ತೊಳೆದು ತುಂಬಿಸಬೇಕು. ಬಸದಿಗೆ ಸೇರಿದ, ಲಾವಣಿಗೆ ಕೊಟ್ಟಿರುವ ಹೊಲದಲ್ಲಿ ಹಳ್ಳದ ದಂಡೆಗುಂಟ ಒಂದು ಪಟ್ಟಿಯನ್ನು ಬಿತ್ತದೆ, ಔಷಧಿ ಹೊಡೆಯದೆ, ಗಿಡಗಂಟಿ ಬೆಳೆಯಲು ಬಿಡಬೇಕು. ಅದರಿಂದ ಟ್ರಸ್ಟಿಗೆ ಲಾವಣಿಯಲ್ಲಿ ಆಗುವ ನಷ್ಟವನ್ನು ಪತ್ನಿಯ ಹೆಸರಿನ ಠೇವಣಿಯ ಬಡ್ಡಿಯಿಂದ ತುಂಬಿಕೊಳ್ಳಬೇಕು.

ಸಭೆಯಲ್ಲಿ ಆಕ್ಷೇಪ ಬರದೆ ಇರಲಿಲ್ಲ. ಕಾಳು ಚೆಲ್ಲಿದರೆ ಹತ್ತು ಜನ ನೋ‌ಡುತ್ತಾರೆ, ಪಾಳುಬಿದ್ದ ದಂಡೆಯನ್ನು ದಾನವೆಂದು ಯಾರು ನಂಬುತ್ತಾರೆ ಎಂದು ಒಬ್ಬರು ಕೇಳಿದರು. ಆ ಮಾತಿನಲ್ಲಿ ಸತ್ಯವಿದೆ. ಉಳಿದ ಮೂರು ದಾನಗಳಿಗೆ ಸಾಕ್ಷಿಗಳಿರುತ್ತಾರೆ. ಅಭಯದಾನಕ್ಕೆ ಭಯ ಹುಟ್ಟದಿರುವುದೊಂದೇ ಸಾಕ್ಷಿ. ಅದನ್ನು ಪಡೆದ ಜೀವಿ ಕೊಟ್ಟವನನ್ನು ಗುರುತಿಸುವುದಿಲ್ಲ, ಅವನತ್ತ ತಿರುಗಿಯೂ ನೋಡುವುದಿಲ್ಲ. ದಾನದಿಂದ ಕೊಡುವವನ ಲೋಭ ಕರಗಬೇಕೆಂಬ ಉದ್ದೇಶ ನಿಜವಾದರೆ, ಹೆಸರಿನ ಲೋಭವನ್ನೂ ಕರಗಿಸುವ ಈ ದಾನ ಉಳಿದವುಗಳಿಗಿಂತ ಕಿರಿದಾಗಲಾರದು.

ಮನಸ್ಸಿಗೆ ಹೆಚ್ಚು ಕಷ್ಟವಾದದ್ದು ಫಲಕದ ವಿಷಯ. ಅದನ್ನು ಹೊಲದ ದಂಡೆಗೆ ಸಾಗಿಸೋಣವೆಂದು ಟ್ರಸ್ಟಿನವರು ಹೇಳಿದರು. ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, ಬೇಡವೆಂದರು. ಆಕೆ ಬೊಗಸೆಯಲ್ಲಿ ಕಾಳು ಹಿಡಿದು ನಿಂತ ಅಂಗಳದಲ್ಲಿ ಆಕೆಯ ಹೆಸರು ಇರಲಿ. ದಂಡೆಯಲ್ಲಿ ಮಾತ್ರ ಯಾರ ಹೆಸರೂ ಬೇಡ ಎಂಬುದು ಅವರ ಕೋರಿಕೆಯಾಗಿತ್ತು.

ಪ್ರತಿಯೊಂದು ಊರಿನ ಟ್ರಸ್ಟಿಗೂ ಹೊಲವಿರಲಾರದು. ಪ್ರತಿಯೊಂದು ಮನೆಗೂ ಕೆರೆ ಸಮೀಪವಿರಲಾರದು. ಆದರೆ ಬಾವಿಯ ಸುತ್ತಲಿನ ಪೊದೆ, ಬಸದಿಯ ಹಿಂದಿನ ಹಳೆಯ ಆಲದ ಮರ, ಮನೆಯ ಮುಂದಿನ ಬೇವು ಎಲ್ಲಿಯಾದರೂ ಇದ್ದೇ ಇರುತ್ತವೆ. ಅವುಗಳನ್ನು ಸ್ವಚ್ಛತೆಯ ಹೆಸರಿನಲ್ಲಿ ಕಡಿಯುವ ಮೊದಲು ಚಳಿಗಾಲದ ಒಂದು ಬೆಳಿಗ್ಗೆ ಮಕ್ಕಳೊಂದಿಗೆ ಅರ್ಧ ಗಂಟೆ ಅಲ್ಲಿ ಮೌನವಾಗಿ ಕುಳಿತು ನೋಡುವುದು ಉಚಿತ. ಅಲ್ಲಿ ಯಾರು ವಾಸವಾಗಿದ್ದಾರೆಂದು ತಿಳಿದ ಮೇಲೆ ಏನನ್ನು ಕೊಡಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.